ಗಟ್ಟಿ ಅಂಟಿನ ಅಲ್ಪಾಯುಷ್ಯ

ಟೊಯೋಟಾ ಐಗೊ, ಪೂಜೋ 107, ಸಿಟ್ರೊಯೆನ್ ಸಿ1: ಹೆಸರು ಮೂರಾದರೂ ಕಾರು ಒಂದೇ. ಜೆಕ್ ದೇಶದ ಕೊಲೀನ್ ಪಟ್ಟಣದ ಒಂದೇ ಕಾರ್ಖಾನೆಯಲ್ಲಿ 2005ರಿಂದ 2014ರವರೆಗೆ ತಯಾರಾದ ಈ ಪುಟ್ಟ ಕಾರುಗಳಲ್ಲಿ ದುಡ್ಡು ಉಳಿಸದ ಮೂಲೆ ಸಿಗುವುದು ಕಷ್ಟ. ಡಿಕ್ಕಿಯ ಬಾಗಿಲೆಂದರೆ ಒಂದು ಗಾಜು, ಅಷ್ಟೇ. ಹಿಂದಿನ ಸೀಟಿನವರ ಕಿಟಕಿ ಕೆಳಗಿಳಿಯುವುದಿಲ್ಲ. ಒಂದು ಅಂಚಿಗೆ ಕೀಲು, ಇನ್ನೊಂದು ಅಂಚಿಗೆ ಚಿಲಕ. ಚಿಲಕ ತಳ್ಳಿದರೆ ಗಾಜು ಬೆರಳೆರಡರಷ್ಟು ಹೊರಕ್ಕೆ ತೆರೆದುಕೊಂಡು ಗಾಳಿ ಬರುತ್ತದೆ. ಆ ಕೀಲನ್ನು ಗಾಜಿಗೆ ಹಿಡಿದಿಟ್ಟಿರುವುದು ಸ್ಕ್ರೂ ಅಲ್ಲ, ಅಂಟು. ಕಾರಿಗೆ ವಯಸ್ಸಾದಂತೆ ಆ ಅಂಟು ಬಿಡುತ್ತದೆ. ಕಿಟಕಿ ಗಡಗಡ ಅನ್ನುತ್ತದೆ, ಮಳೆನೀರು ಒಳಗಿಳಿಯುತ್ತದೆ. ನಿರ್ಲಕ್ಷಿಸಿದರೆ ಗಾಜೇ ರಸ್ತೆಗೆ ಬೀಳಬಹುದು.

ಈ ಕಾರುಗಳು ನಮ್ಮಲ್ಲಿ ಮಾರಾಟಕ್ಕೆ ಬಂದವಲ್ಲ. ಆದರೆ ಮುಂದಿನ ಗಾಜಿಗೆ ಅಂಟಿಸಿದ ಕನ್ನಡಿಯ ಬುಡ ಏಪ್ರಿಲ್ ಬಿಸಿಲಿಗೆ ಕಳಚಿ ಡ್ಯಾಶ್‌ಬೋರ್ಡಿನ ಮೇಲೆ ಬೀಳುವುದು ನಮಗೂ ಗೊತ್ತಿರುವ ಸಂಗತಿ. ರೋಗ ಅದೇ, ಮತ್ತೆ ಅಂಟಿಸುವ ಮದ್ದೂ ಅದೇ. ಆ ಮದ್ದಿನ ಬಗ್ಗೆ ನನ್ನ ತಕರಾರಿದೆ. ಅಂಟನ್ನು ನಾವು ಆರಿಸುವುದು ಅದರ ಬಲ ನೋಡಿ. ಗಾಜಿನ ಮೇಲಿನ ಕೀಲಿಗೆ ಬಲಕ್ಕಿಂತ ಹೆಚ್ಚಾಗಿ ಬೇಕಿರುವುದು ಬಗ್ಗುವ ಗುಣ.

ಮೊದಲು ವಿನ್ಯಾಸದ ವಿಚಾರ. ಕೀಲನ್ನು ಅಂಟಿಸಿದ್ದೇ ತಪ್ಪು ಎಂದು ಬೈಯುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ಪಕ್ಕದ ಮತ್ತು ಹಿಂದಿನ ಕಿಟಕಿಗಳಿಗೆ ಹಾಕುವುದು ಹೆಚ್ಚಾಗಿ ಟಫನ್ಡ್ ಗ್ಲಾಸು. ಅದನ್ನು ಕಾಯಿಸಿ ಥಟ್ಟನೆ ತಣಿಸಿರುತ್ತಾರೆ. ಹೊರಮೈ ಒತ್ತಡದಲ್ಲೂ ಒಳಭಾಗ ಸೆಳೆತದಲ್ಲೂ ಬಿಗಿದುಕೊಂಡಿರುತ್ತದೆ. ತೂತು ಬೇಕಿದ್ದರೆ ಹಾಗೆ ಹದಗೊಳಿಸುವ ಮೊದಲೇ ಕೊರೆಯಬೇಕು. ಆಮೇಲೆ ಡ್ರಿಲ್ ತಾಗಿಸಿದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ‘ಎರಡು ಬೋಲ್ಟು ಹಾಕಿ ಬಿಗಿದುಬಿಡಿ’ ಎನ್ನುವ ಸಲಹೆ ಅಲ್ಲಿಗೇ ಮುಗಿಯಿತು. ಅಂಟಿಸಿದರೆ ತೂತಿನ ಖರ್ಚಿಲ್ಲ, ತೂತಿನ ಸುತ್ತ ಬಿರುಕು ಹುಟ್ಟುವ ಭಯವಿಲ್ಲ, ಭಾರ ಒಂದೇ ಬಿಂದುವಿಗೆ ಬೀಳದೆ ಅಗಲಕ್ಕೆ ಹರಡುತ್ತದೆ. ಆದ್ದರಿಂದ ಅಂಟಿಸುವ ಉಪಾಯವನ್ನು ನಾನು ದೂರುವುದಿಲ್ಲ. ದೂರಬೇಕಾದ್ದು ಅದು ಬಿಟ್ಟಮೇಲಿನ ವ್ಯವಸ್ಥೆಯನ್ನು. ಅನೇಕ ಮಾದರಿಗಳಲ್ಲಿ ಕೀಲು ಬಿಡಿಯಾಗಿ ಸಿಗುವುದಿಲ್ಲ, ಗಾಜಿನ ಸಮೇತ ಕೊಳ್ಳಬೇಕು. ಹಳೆಯ ಚಿಕ್ಕ ಕಾರಿನ ಮಟ್ಟಿಗೆ ಅದು ಮೂಗಿಗಿಂತ ಮೂಗುತಿ ಭಾರ. ಜನ ಮನೆಮದ್ದಿಗೆ ಇಳಿಯುವುದು ಆಮೇಲೆಯೇ.

ಮನೆಮದ್ದಿನ ಮೊದಲ ದೋಷವೆಂದರೆ ರೋಗ ನೋಡದೆ ಔಷಧ ಕೊಡುವುದು. ಕಳಚಿದ ಕೀಲನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ತನ್ನ ಕಥೆ ತಾನೇ ಹೇಳುತ್ತದೆ. ಹಳೆಯ ಅಂಟೆಲ್ಲ ಲೋಹದ ಮೇಲೇ ಉಳಿದು ಗಾಜು ನುಣ್ಣಗೆ ಕಂಡರೆ, ಅಂಟು ಗಾಜನ್ನು ಸರಿಯಾಗಿ ಹಿಡಿದಿರಲಿಲ್ಲ ಅಥವಾ ತೇವ ನಡುವೆ ನುಸುಳಿ ಬಿಡಿಸಿದೆ ಎಂದರ್ಥ. ಎರಡೂ ಕಡೆ ಅಂಟಿನ ಪದರ ಹರಿದು ನಿಂತಿದ್ದರೆ ಹಿಡಿತ ಚೆನ್ನಾಗಿತ್ತು, ಅಂಟೇ ಸವೆದಿದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಗಾಜಿನ ಅಂಚಿನ ಕಪ್ಪು ಬಣ್ಣದ ಚಕ್ಕೆ ಕೀಲಿನ ಜೊತೆ ಕಿತ್ತು ಬಂದಿರುತ್ತದೆ. ಆ ಕಪ್ಪು ಪಟ್ಟಿ ಗಾಜಿಗೆ ಸುಟ್ಟು ಕೂಡಿಸಿದ ಸೆರಾಮಿಕ್ ಬಣ್ಣ. ಬಿಸಿಲು ತಾಗಿ ಅಂಟು ಕೆಡದಿರಲಿ ಎಂದು ಹಾಕಿದ ಮರೆ. ಅದೇ ಎದ್ದುಬಂದಿದ್ದರೆ ಅದರ ಮೇಲೆ ಎಂಥ ಅಂಟು ಹಾಕಿದರೂ ಉಳಿದ ಬಣ್ಣವೂ ಒಂದು ದಿನ ಏಳಬಹುದು. ಮೂರು ರೋಗಕ್ಕೂ ಒಂದೇ ಕೊಳವೆ ಹಿಂಡುವುದನ್ನು ರಿಪೇರಿ ಎನ್ನಲಾಗದು.

ಆ ಕೊಳವೆ ಹೆಚ್ಚಿನ ಸಲ ಫೆವಿಕ್ವಿಕ್ ಜಾತಿಯದು, ಅಂದರೆ ಸೈಯನೊಅಕ್ರಿಲೇಟ್. ಕ್ಷಣದಲ್ಲಿ ಹಿಡಿಯುವುದೇ ಅದರ ಆಕರ್ಷಣೆ. ಗಾಳಿಯಲ್ಲೂ ವಸ್ತುವಿನ ಮೈಮೇಲೂ ಇರುವ ತೇವವೇ ಅದನ್ನು ಗಟ್ಟಿಯಾಗಿಸುತ್ತದೆ. ಗಾಜಿನ ಮೈ ತೇವ ಹಿಡಿಯುವಂಥದ್ದು, ತುಸು ಕ್ಷಾರೀಯವೂ ಹೌದು. ಹಾಗಾಗಿ ಅಂಟು ಇಲ್ಲಿ ಅತಿ ಬೇಗ ಬಿಗಿದುಕೊಂಡು ತನ್ನೊಳಗೇ ಬಿರುಸಾಗುತ್ತದೆ, ಮುಂದೆ ಅದೇ ತೇವ ಹಿಡಿತವನ್ನು ಸಡಿಲಿಸುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಅಂಟಿಗೂ ಸಲ್ಲುತ್ತದೆ, ಅದನ್ನು ಹಚ್ಚುವವರಿಗೂ.

ಲೆಕ್ಕ ಹಾಕಿದರೆ ವಿಷಯ ಇನ್ನಷ್ಟು ಸ್ಪಷ್ಟ. ಕೀಲಿನ ತಟ್ಟೆ 50 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಎಂದಿಟ್ಟುಕೊಳ್ಳಿ. ಒಂದು ಡಿಗ್ರಿ ಬಿಸಿ ಏರಿದರೆ ಅಲ್ಯೂಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ, ಗಾಜು ಸುಮಾರು 9 ಪಾಲು. ಯುರೋಪಿನ ಚಳಿಗಾಲದ ಬೆಳಗ್ಗೆಗೂ ಬೇಸಿಗೆಯ ಮಧ್ಯಾಹ್ನ ಕಪ್ಪು ಪಟ್ಟಿ ಕಾಯುವ ಶಾಖಕ್ಕೂ 60 ಡಿಗ್ರಿ ಅಂತರವಿದ್ದರೆ ಎರಡರ ಹಿಗ್ಗುವಿಕೆಯ ವ್ಯತ್ಯಾಸ 0.04 ಮಿಲಿಮೀಟರ್ ಆಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ನಿಜ. ಆದರೆ ಸೈಯನೊಅಕ್ರಿಲೇಟಿನ ಪದರದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಬಗ್ಗಲೊಲ್ಲದ ತೆಳು ಪದರವನ್ನು ಅದರ ದಪ್ಪಕ್ಕೆ ಸಮೀಪದ ದೂರ ದಿನವೂ ಆಚೀಚೆ ಎಳೆದರೆ ಅಂಚಿನಿಂದ ಬಿರುಕು ಶುರುವಾಗುತ್ತದೆ. ಅದೇ ಪದರ 1 ಮಿಲಿಮೀಟರ್ ದಪ್ಪವಿದ್ದು ರಬ್ಬರಿನ ಗುಣದ್ದಾಗಿದ್ದರೆ, ಈ ಎಳೆತ ಅದಕ್ಕೆ ನೂರಕ್ಕೆ ನಾಲ್ಕು ಪಾಲು ಮಾತ್ರ. ಲೆಕ್ಕಕ್ಕೇ ಇಲ್ಲ.

ಎಪಾಕ್ಸಿ, ಅಂದರೆ ನಮ್ಮ ಮಾತಿನಲ್ಲಿ ಅರಾಲ್ಡೈಟ್, ಇದಕ್ಕಿಂತ ಮೇಲು. ಎರಡು ಕೊಳವೆಯದನ್ನು ಸಮನಾಗಿ ಕಲಸಿ ಹಚ್ಚುವ ಈ ಅಂಟು ಸಂದುಗಳನ್ನು ತುಂಬುತ್ತದೆ, ಲೋಹವನ್ನು ಚೆನ್ನಾಗಿ ಹಿಡಿಯುತ್ತದೆ. 1980ರ ದಶಕದಲ್ಲಿ ಲಂಡನ್ನಿನ ಜಾಹೀರಾತು ಫಲಕವೊಂದಕ್ಕೆ ಫೋರ್ಡ್ ಕಾರ್ಟಿನಾ ಕಾರನ್ನೇ ಅರಾಲ್ಡೈಟ್‌ನಿಂದ ಅಂಟಿಸಿ ಜನರನ್ನು ಬೆರಗುಗೊಳಿಸಿದ್ದುಂಟು. ಜಾಹೀರಾತು ಅದ್ಭುತ, ಆದರೆ ಅದು ಕಲಿಸಿದ ಪಾಠ ನಮಗೆ ಉಪಯೋಗಕ್ಕೆ ಬಾರದು. ನಿಂತ ಭಾರವನ್ನು ಹೊರುವುದು ಬೇರೆ, ಅಂಚಿನಿಂದ ಸಿಪ್ಪೆ ಸುಲಿದಂತೆ ಎಬ್ಬಿಸುವ ಎಳೆತವನ್ನು ತಡೆಯುವುದು ಬೇರೆ. ಕೀಲಿಗೆ ಪ್ರತಿ ಸಲ ತೆರೆದು ಮುಚ್ಚುವಾಗ ಬೀಳುವುದು ಎರಡನೆಯದು. ಮಾಮೂಲಿ ಎಪಾಕ್ಸಿ ಬಗ್ಗದಷ್ಟು ಬಿರುಸು; ಅಲ್ಲಿ ಅದು ಸೋಲುತ್ತದೆ.

ಅಲ್ಟ್ರಾವಯೊಲೆಟ್ ಬೆಳಕಿಗೆ ಗಟ್ಟಿಯಾಗುವ ಅಂಟನ್ನು ಕೆಲವರು ಹೊಗಳುತ್ತಾರೆ. ಪಾರದರ್ಶಕ ಗಾಜಿನ ಮೇಲೆ ಹೊಗಳಿಕೆ ಸರಿ. ಕೀಲು ಕೂರುವುದು ಬೆಳಕು ತಡೆಯಲೆಂದೇ ಬಳಿದ ಕಪ್ಪು ಪಟ್ಟಿಯ ಮೇಲಾದರೆ ಹೊರಗಿನಿಂದ ಎಷ್ಟು ಹೊತ್ತು ದೀಪ ಹಿಡಿದರೂ ಒಳಗಿನ ಅಂಟು ಹಸಿಯಾಗಿಯೇ ಉಳಿಯುತ್ತದೆ. ಇನ್ನು ಬಾತ್‌ರೂಮಿನ ಸಿಲಿಕೋನ್: ಬಲವೂ ಸಾಲದು, ವಿನಿಗರ್ ವಾಸನೆಯ ಬಗೆಯದು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಅದರ ಜಿಡ್ಡು ಉಳಿದ ಜಾಗದಲ್ಲಿ ಬೇರೆ ಯಾವ ಅಂಟೂ ನಿಲ್ಲುವುದಿಲ್ಲ. ಮುಂದಿನ ರಿಪೇರಿಯ ದಾರಿಯನ್ನೂ ಮುಚ್ಚುವುದರಿಂದ ಇದಕ್ಕೆ ನನ್ನ ಪಟ್ಟಿಯಲ್ಲಿ ಕೊನೆಯ ಸ್ಥಾನ.

ಹಾಗಾದರೆ ಗಾಜಿನ ಅಂಗಡಿಯವರು ಮುಂದಿನ ಗಾಜು ಕೂರಿಸಲು ಬಳಸುವ ಪಾಲಿಯುರೆಥೇನ್? ಬಗ್ಗುವ ಗುಣ ಅದರಲ್ಲಿದೆ, ಪ್ರೈಮರ್ ಹಚ್ಚಿದ ಗಾಜನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಒಂದೇ ಕೊಳವೆಯಲ್ಲಿ ಬರುವ ಈ ಅಂಟು ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ದಿನಕ್ಕೆ ಮೂರು ನಾಲ್ಕು ಮಿಲಿಮೀಟರಿನಂತೆ ಗಟ್ಟಿಯಾಗುತ್ತದೆ, ಒಳಹೋದಷ್ಟೂ ನಿಧಾನ. ಮುಂದಿನ ಗಾಜಿನ ಸುತ್ತ ಎಳೆದ ಸಣ್ಣ ಎಳೆಗೆ ಇದು ಸರಿ. ಗಾಜು ಮತ್ತು ಲೋಹದ ತಟ್ಟೆಯ ನಡುವೆ ಸಿಕ್ಕಿಬಿದ್ದ ಅಂಟಿಗೆ ತೇವ ತಲುಪುವುದು ಅಂಚಿನಿಂದ ಮಾತ್ರ. ಎರಡು ಸೆಂಟಿಮೀಟರ್ ಅಗಲದ ತಟ್ಟೆಯ ನಡುಭಾಗ ಗಟ್ಟಿಯಾಗಲು ಮಂಗಳೂರಿನಂಥ ತೇವದ ಊರಲ್ಲೂ ದಿನಗಳು ಬೇಕು, ಬಳ್ಳಾರಿಯಂಥ ಒಣ ಹವೆಯಲ್ಲಿ ಇನ್ನೂ ಹೆಚ್ಚು. ಮರುದಿನವೇ ಕಿಟಕಿ ತೆರೆದರೆ ಕೆಲಸ ಹಾಳು. ಆದ್ದರಿಂದ ನನ್ನ ಒಲವು ಎರಡು ಭಾಗ ಕಲಸುವ ಪಾಲಿಯುರೆಥೇನ್ ಅಥವಾ ಬಗ್ಗುವ ಗುಣದ ಅಕ್ರಿಲಿಕ್ ಅಂಟಿನ ಕಡೆಗೆ. ತೇವಕ್ಕಾಗಿ ಕಾಯದೆ ಇವು ಒಳಗಿನಿಂದಲೇ ಗಟ್ಟಿಯಾಗುತ್ತವೆ.

ದಪ್ಪದ್ದೂ ಒಂದು ಪೇಚಿದೆ. ಪದರ ತೀರ ದಪ್ಪವಾದರೆ ಗಾಜು ತನ್ನ ಜಾಗದಿಂದ ಹೊರಕ್ಕೆ ಸರಿದು ಚಿಲಕ ಕೂರುವುದಿಲ್ಲ, ಬೀಡಿಂಗಿನ ಸಂದಿಯಲ್ಲಿ ನೀರು ಸೋರುತ್ತದೆ. ಕೀಲನ್ನು ಬಿಗಿಯಾಗಿ ಒತ್ತಿದರೆ ಅಂಟೆಲ್ಲ ಹೊರಬಂದು ಪದರ ಕಾಗದದಷ್ಟು ತೆಳುವಾಗುತ್ತದೆ. ಬಲ್ಲವರು ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು: ಗಾಳದ ನೈಲಾನ್ ದಾರದ ತುಂಡು ಎರಡನ್ನು ತಟ್ಟೆಯ ಕೆಳಗೆ ಇಟ್ಟು ಒತ್ತುತ್ತಾರೆ. ದಾರದ ದಪ್ಪಕ್ಕೆ ಪದರ ನಿಲ್ಲುತ್ತದೆ. ಈ ರಿಪೇರಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕೈಚಳಕ ಇದೇ.

ಇಷ್ಟೆಲ್ಲ ಆದರೂ ಫಲಿತಾಂಶ ನಿರ್ಧಾರವಾಗುವುದು ಅಂಟಿನ ಮುಚ್ಚಳ ತೆರೆಯುವ ಮೊದಲು. ಹಳೆಯ ಅಂಟನ್ನು ಬ್ಲೇಡಿನಿಂದ ಹೆರೆಯಬೇಕು. ಲೋಹವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಗಾಜು ಲೋಹ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಬೆರಳು ತಾಗಿಸಬಾರದು. ಅಂಟು ಹಚ್ಚುವ ಮುಂಚೆ ಗಾಜಿಗೆ ತುಸು ನೀರು ಚಿಮುಕಿಸಿದರೆ ಪರೀಕ್ಷೆ ಅಲ್ಲೇ ಆಗುತ್ತದೆ. ನೀರು ಹಾಳೆಯಾಗಿ ಹರಡಿದರೆ ಗಾಜು ಶುದ್ಧ. ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟಿದರೆ ಪಾಲಿಷಿನ ಜಿಡ್ಡು ಇನ್ನೂ ಇದೆ. ಶುದ್ಧವೆಂದು ಖಾತ್ರಿಯಾದ ಮೇಲೆ ಪೂರ್ತಿ ಒಣಗಿಸಿ, ಆ ಅಂಟಿಗೆ ಹೇಳಿದ ಪ್ರೈಮರ್ ಹಚ್ಚಬೇಕು. ಗ್ಯಾರೇಜುಗಳಲ್ಲಿ ಈ ಭಾಗವೇ ಮೊಟಕಾಗುವುದು, ಅದಕ್ಕೆ ಕಾರಣವೂ ಇದೆ. ಗಿರಾಕಿ ಎದುರಿಗೆ ನಿಂತು ಗಡಿಯಾರ ನೋಡುತ್ತಿರುತ್ತಾನೆ. ಅಂಟಿಸಿದ್ದಕ್ಕೆ ದುಡ್ಡು ಕೇಳಬಹುದು, ಒಂದು ಗಂಟೆ ಒರೆಸಿದ್ದಕ್ಕೆ ಕೇಳಿದರೆ ಯಾರು ಕೊಡುತ್ತಾರೆ? ಮೆಕ್ಯಾನಿಕ್‌ನ ಅವಸರದಲ್ಲಿ ಗಿರಾಕಿಯ ಪಾಲೂ ಇದೆ.

ಒಂದು ಗೆರೆಯನ್ನಂತೂ ಎಳೆಯಲೇಬೇಕು. ಪಕ್ಕದ ಸಣ್ಣ ಕಿಟಕಿಯ ಕೀಲನ್ನು ಶ್ರದ್ಧೆಯಿಂದ ಮನೆಯಲ್ಲೇ ಅಂಟಿಸಿಕೊಳ್ಳುವುದು ಒಪ್ಪತಕ್ಕದ್ದು. ಮೇಲಕ್ಕೆತ್ತುವ ದೊಡ್ಡ ಹಿಂಗಾಜಿನ ಮಾತು ಬೇರೆ. ಅಲ್ಲಿ ಗಾಜಿನ ತೂಕದ ಜೊತೆಗೆ ಅದನ್ನೆತ್ತುವ ಗ್ಯಾಸ್ ಶಾಕ್‌ಗಳು ಸದಾ ತಳ್ಳುತ್ತಿರುತ್ತವೆ. ಕಳಚಿದರೆ ಗಾಜು ಬೀಳುವುದು ಸಾಮಾನು ಎತ್ತಿಕೊಳ್ಳುತ್ತಿರುವವರ ತಲೆಯ ಮೇಲೆ, ಇಲ್ಲವೇ ಹಿಂದೆ ಬರುವ ಬೈಕಿನವರ ಮುಂದೆ. ಅಲ್ಲೂ ಕಪ್ಪು ಬಣ್ಣ ಎದ್ದ ಕಡೆಯೂ ಗಾಜನ್ನೇ ಬದಲಿಸುವುದು ಸರಿ. ಉಳಿದ ಕಡೆ ಕಾರು ತಯಾರಕರು ಕೀಲು, ಪ್ರೈಮರ್, ಅಂಟು ಮೂರನ್ನೂ ಒಂದು ಪೊಟ್ಟಣದಲ್ಲಿ ಬಿಡಿಯಾಗಿ ಮಾರಿದರೆ ಈ ಸಮಸ್ಯೆಯ ಬಹುಪಾಲು ತೀರುತ್ತದೆ. ಅಲ್ಲಿಯವರೆಗೆ ಅಂಗಡಿಯಲ್ಲಿ ‘ಎಷ್ಟು ಗಟ್ಟಿ?’ ಎಂದು ಕೇಳುವ ಬದಲು ‘ಎಷ್ಟು ಬಗ್ಗುತ್ತದೆ, ಎಷ್ಟು ದಿನ ಮುಟ್ಟಬಾರದು?’ ಎಂದು ಕೇಳಿ. ಉತ್ತರ ಕೊಡಬಲ್ಲ ಅಂಗಡಿಯವನಲ್ಲಿ ಅಂಟು ಕೊಳ್ಳಿ.