ಟವೆಲ್ಲಿನ ಕೆಳಗಿನ ಬೆರಳು

ಸಲಾನ್ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಪಳಗಿದ ಹಿರಿಯರೊಬ್ಬರು, ‘ಬೀದಿ ಚಿತ್ರ ಏನಿದ್ದರೂ ಮುಂಬೈ, ಕೋಲ್ಕತ್ತಾದ ಮಾತು. ಗೋಕಾಕ, ಹುಕ್ಕೇರಿಯಲ್ಲಿ ಏನು ಸಿಕ್ಕೀತು?’ ಎಂದಿದ್ದಾರೆ. ಇದಕ್ಕೆ ಉತ್ತರ ಕೊಡದೆ ಸುಮ್ಮನಿರಲು ಮನಸ್ಸಿಲ್ಲ.

ಮಹಾನಗರದಲ್ಲಿ ಕ್ಯಾಮೆರಾ ಹಿಡಿದವನನ್ನು ಯಾರೂ ಮಾತಾಡಿಸುವುದಿಲ್ಲ. ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿ ಮುಂದೆ ನಿಂತರೆ ಸಾಕು, ‘ಯಾವ ಊರ್ರಿ ನಿಮ್ದು? ಪೇಪರ್‌ದವ್ರ ಏನ್ರಿ?’ ಎಂದು ವಿಚಾರಣೆ ಶುರು. ಟೆಲಿ ಲೆನ್ಸಿನವರು ಅಂಜುವುದು ಇದಕ್ಕೇ. ರಸ್ತೆಯ ಆಚೆ ನಿಂತು, 200 ಎಂ.ಎಂ.ನಲ್ಲಿ ಒಂದು ಸುಕ್ಕುಮುಖ, ಒಂದು ಪಟಗಾ, ಹಿಂಬೆಳಕಿನಲ್ಲಿ ಬೀಡಿಯ ಹೊಗೆ ಹಿಡಿದುಕೊಂಡು ಹೊರಡುತ್ತಾರೆ. ಆ ಅಜ್ಜ ಎಲ್ಲಿ ನಿಂತಿದ್ದ, ಯಾರ ದಾರಿ ಕಾಯುತ್ತಿದ್ದ? ಹಿನ್ನೆಲೆಯೆಲ್ಲ ಮಸುಕು. ಬೀದಿಯೇ ಕಾಣದ ಆ ಚಿತ್ರಕ್ಕೆ ಪದಕವೂ ಬರುತ್ತದೆ!

ಮೂಡಲಗಿಯ ದನದ ಸಂತೆಗೆ ಬನ್ನಿ. ದಲಾಲಿ ಗಿರಾಕಿಯ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಾನೆ. ದರ ಬಾಯಲ್ಲಿ ಬರುವುದಿಲ್ಲ, ಬೆರಳು ಹಿಡಿದೇ ಹೇಳಬೇಕು. ದೂರದಿಂದ ತೆಗೆದರೆ ಬರೀ ಟವೆಲ್. 35 ಎಂ.ಎಂ. ಹಾಕಿಕೊಂಡು ಒಂದು ಮಾರು ಹತ್ತಿರ ನಿಲ್ಲಿ. ದಲಾಲಿಯ ಹುಬ್ಬು ಏರುತ್ತದೆ. ಗಿರಾಕಿ ಎತ್ತಿನ ಕಡೆ ನೋಡದೆ ಬೇರೆಲ್ಲೋ ಕಣ್ಣು ಹಾಯಿಸುತ್ತಾನೆ. ಪಕ್ಕದಲ್ಲಿ ನಿಂತವನು ಟವೆಲ್ಲಿನ ಮಡಿಕೆ ಅಲುಗುವುದರಲ್ಲೇ ಬೆಲೆ ಊಹಿಸಲು ನೋಡುತ್ತಾನೆ. ಅವರ ಹಿಂದೆ ಬಣ್ಣ ಬಳಿದ ಕೋಡು, ಕೋಡಣಸು, ಗೊಂಡೆ. ಇಷ್ಟೂ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ.

ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸೋಂ 1932ರಲ್ಲಿ ಪ್ಯಾರಿಸ್ಸಿನ ಸ್ಯಾಂ-ಲಾಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ ಚಿತ್ರವನ್ನು ಎಲ್ಲರೂ ಹೊಗಳುತ್ತಾರೆ. ನೀರಿನ ಮೇಲೆ ಜಿಗಿದ ಮನುಷ್ಯನ ಹಿಮ್ಮಡಿ ಇನ್ನೂ ನೀರು ಮುಟ್ಟಿಲ್ಲ ಎನ್ನುತ್ತಾರೆ. ನಾನು ನೋಡುವುದು ಉಳಿದದ್ದನ್ನು. ನೀರಲ್ಲಿ ಬಿದ್ದ ಏಣಿ, ಅವನು ಅದರಿಂದ ನೆಗೆದಾಗ ಎದ್ದ ಅಲೆ, ತಲೆಕೆಳಗಾದ ಪ್ರತಿಬಿಂಬ, ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಅವನಂತೆಯೇ ಜಿಗಿಯುತ್ತಿರುವ ನರ್ತಕಿ. ಅದನ್ನೆಲ್ಲ ಮಸುಕು ಮಾಡಿದರೆ ಉಳಿಯುವುದು ಟೊಪ್ಪಿಗೆಯವನೊಬ್ಬ, ಅಷ್ಟೆ.

ಆಗಲೇ ಕೋಡಿನ ಬಣ್ಣದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬ್ರೆಸೋಂ ಕಪ್ಪು-ಬಿಳುಪಿನವರು. 1966ರಲ್ಲಿ ಜೈಪುರದಲ್ಲಿ ಅವರು ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಛಾಯಾಗ್ರಾಹಕ ರಘುಬೀರ್ ಸಿಂಗ್ ಮಾತ್ರ ಬಣ್ಣವನ್ನೇ ಹಿಡಿದರು, 1999ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ನಾನು ಸಿಂಗ್ ಕಡೆಯವನು. ಗೋಕಾಕದ ಮರದ ಗೊಂಬೆಗಳನ್ನು, ಆ ಮಾವು, ಬಾಳೆ, ಸೀತಾಫಲಗಳನ್ನು, ಕಪ್ಪು-ಬಿಳುಪಿನಲ್ಲಿ ತೆಗೆದು ‘ಕಲಾತ್ಮಕ’ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಳದಿ ಹೋದಮೇಲೆ ಅದು ಮಾವೋ ಮರದ ತುಂಡೋ? ಮೂಡಲಗಿಯಲ್ಲೂ ಅಷ್ಟೇ: ಸಂತೆಯ ಹಿಂದಿನ ದಿನ ಕೂತು ಎತ್ತಿನ ಕೋಡಿಗೆ ಕೆಂಪು ಬಳಿದ ರೈತ ಆ ಕೆಂಪು ನಾಲ್ಕು ಜನಕ್ಕೆ ಕಾಣಲಿ ಎಂದೇ ಬಳಿದಿರುತ್ತಾನೆ.