ಕೆರಾಟಿನ್: ಕೂದಲಿಗಷ್ಟೇ ಸೀಮಿತವೇ?

ಕೆರಾಟಿನ್ ಎಂದೊಡನೆ ನಿಮಗೆ ನೆನಪಾಗುವುದು ಕೂದಲು ಮತ್ತು ಉಗುರು. ಪರೀಕ್ಷೆಯ ಉತ್ತರಕ್ಕೆ ಇಷ್ಟು ಸಾಕು, ಶಾಂಪೂ ಜಾಹೀರಾತಿಗೂ ಸಾಕು. ಆದರೆ ನಮ್ಮ ಜನಪ್ರಿಯ ವಿಜ್ಞಾನ ಬರಹಗಳೂ ಬಹುಮಟ್ಟಿಗೆ ಇಲ್ಲಿಗೇ ನಿಂತುಬಿಡುತ್ತವೆ. ಸತ್ತ ಕೋಶಗಳಲ್ಲಿ ಉಳಿದ ಕೆರಾಟಿನ್ ಬಗ್ಗೆ ಹೇಳಿ, ಜೀವಂತ ಕೋಶಗಳೊಳಗಿನದನ್ನು ಬಿಟ್ಟರೆ ಓದುಗರಿಗೆ ದೊರೆಯುವುದು ಅರ್ಧ ಮಾಹಿತಿ ಮಾತ್ರ.

ಚರ್ಮ, ಬಾಯಿ, ಕರುಳು ಮುಂತಾದವುಗಳ ಹೊದಿಕೆಯಾದ ಅನುಲೇಪಕ ಅಂಗಾಂಶದ ಕೋಶಗಳಲ್ಲಿ ಕೆರಾಟಿನ್ ಎಳೆಗಳ ಬಲೆಯಿದೆ. ಎಳೆಯ ದಪ್ಪ ಸುಮಾರು 10 ನ್ಯಾನೋಮೀಟರ್. ಮಾನವನಲ್ಲಿ ಕೆರಾಟಿನ್ ತಯಾರಿಸುವ ಜೀನುಗಳು 54. ಈ ಬಲೆಯನ್ನು 'ಕೋಶದ ಅಸ್ಥಿಪಂಜರ' ಎಂದು ಬಣ್ಣಿಸುವುದು ರೂಢಿ. ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಮೂಳೆ ಬಾಗದು, ಕೆರಾಟಿನ್ ಎಳೆ ಬಾಗುತ್ತದೆ, ಹಿಗ್ಗುತ್ತದೆ. ತೆಂಗಿನ ನಾರಿನ ಹಗ್ಗವೆಂದರೆ ಹೆಚ್ಚು ಸರಿ. ಆಮ್ಲೀಯ ಬಗೆಯದೊಂದು, ಪ್ರತ್ಯಾಮ್ಲೀಯ ಬಗೆಯದೊಂದು ಪ್ರೋಟೀನು ಜೊತೆಯಾಗಿ ಹುರಿಗೊಳ್ಳುತ್ತವೆ. ಅಂಥ ಹಲವು ಜೋಡಿಗಳು ಸೇರಿ ಎಳೆಯಾಗುತ್ತದೆ. ಡೆಸ್ಮೋಸೋಮ್ ಎಂಬ ಬೆಸುಗೆಗಳ ಮೂಲಕ ಎಳೆತದ ಭಾರ ಪಕ್ಕದ ಕೋಶಗಳಿಗೂ ಹಂಚಿಹೋಗುತ್ತದೆ.

ಹಗ್ಗ ಸಡಿಲವಾದರೆ ಏನಾಗುತ್ತದೆ? ಕೆರಾಟಿನ್ 5 ಅಥವಾ 14ರ ಜೀನಿನಲ್ಲಿ ದೋಷವಿರುವ ಮಗುವಿಗೆ ಬಟ್ಟೆ ತಿಕ್ಕಿದರೂ ಬೊಬ್ಬೆ ಏಳಬಹುದು. ಎಪಿಡರ್ಮೋಲೈಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಎಂಬ ಈ ರೋಗಕ್ಕೂ ಕೆರಾಟಿನ್‌ಗೂ ಇರುವ ನಂಟು 1991ರಲ್ಲಿ ಸ್ಪಷ್ಟವಾಯಿತು. ಇದು ಅಂಟುರೋಗವಲ್ಲ. ಹೆತ್ತವರಿಗೆ ಈ ಒಂದು ವಾಕ್ಯ ಎಷ್ಟು ಮುಖ್ಯವೆಂದು ಯೋಚಿಸಿ.

ಸುಳ್ಯ ತಾಲೂಕಿನ ಮಂಡೆಕೋಲಿನಂಥ ಅಡಿಕೆ ಬೆಳೆಯುವ ಊರುಗಳಲ್ಲಿ ಈ ಪಾಠಕ್ಕೆ ಇನ್ನೊಂದು ಮುಖವಿದೆ. ಕತ್ತಿ ಹಿಡಿದ ಅಂಗೈ ಜಡ್ಡುಗಟ್ಟುವುದು ಕೆರಾಟಿನ್ ತುಂಬಿದ ಪದರ ದಪ್ಪವಾಗುವುದರಿಂದ, ಅದು ರಕ್ಷಣೆ. ಕೆನ್ನೆಯ ಒಳಬದಿಯಲ್ಲಿ ಸಾಮಾನ್ಯವಾಗಿ ಅಂಥ ಪದರ ಇರುವುದಿಲ್ಲ. ಅಡಿಕೆ, ಹೊಗೆಸೊಪ್ಪು ಜಗಿಯುವವರಲ್ಲಿ ಅಲ್ಲಿ ಕೆರಾಟಿನ್ ಪದರ ಬೆಳೆದು, ಉಜ್ಜಿದರೂ ಹೋಗದ ಬಿಳಿ ಮಚ್ಚೆ ಕಾಣಿಸಬಹುದು. ಇದೇ ಲ್ಯೂಕೋಪ್ಲೇಕಿಯಾ. ಇವುಗಳಲ್ಲಿ ಕೆಲವು ಕ್ಯಾನ್ಸರ್‌ಗೆ ತಿರುಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಹೊಗೆಸೊಪ್ಪು ಹಾಕದಿದ್ದರೆ ಅಪಾಯವಿಲ್ಲ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಕೂದಲ ಹೊಳಪಿನ ಮಾತನ್ನು ಜಾಹೀರಾತುಗಳಿಗೆ ಬಿಡೋಣ. ಅಂಗೈಯ ಜಡ್ಡಿಗೂ ಬಾಯಿಯ ಮಚ್ಚೆಗೂ ಇರುವ ವ್ಯತ್ಯಾಸವನ್ನು ತಿಳಿಸುವುದು ವಿಜ್ಞಾನ ಬರಹಗಾರರ ಕೆಲಸ. ಅದನ್ನು ತಿಳಿದವರು ಕನ್ನಡಿಯಲ್ಲಿ ಬಾಯಿ ನೋಡಿಕೊಂಡಾರು, ಮಚ್ಚೆ ಎರಡು ವಾರ ಕಳೆದರೂ ಮಾಸದಿದ್ದರೆ ವೈದ್ಯರಲ್ಲಿಗೆ ಹೋದಾರು.