ನೀರಿನ ಬಿಲ್ಲಲ್ಲಿ ಮರದ ಪಾಲು ಎಷ್ಟು?

2024ರ ನವೆಂಬರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಲ್ಲಿ ಎರಡು ದಿನ ಒಂದೇ ಜಗಳ. ಪಶ್ಚಿಮ ಘಟ್ಟ ಉಳಿಸೋಕೆ ನೀರಿನ ಬಿಲ್ಲಿನ ಮೇಲೆ ಹಸಿರು ಸೆಸ್ ಹಾಕುವ ಪ್ರಸ್ತಾವ ಸಲ್ಲಿಸಿ ಅಂತ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದ್ದರು. "ಇನ್ನೊಂದು ತೆರಿಗೆನಾ?" ಅನ್ನೋದೇ ಎಲ್ಲರ ಸಿಟ್ಟು.

ನನ್ನ ತಕರಾರು ಬೇರೆ. ಸೆಸ್ ಹಾಕಲಿ, ಕೊಡೋಣ. ಆದರೆ ದುಡ್ಡು ಯಾರಿಗೆ ಹೋಗುತ್ತೆ? ಆಗ ಮುಖ್ಯವಾಗಿ ಕೇಳಿಬಂದ ಖರ್ಚುಗಳು ಎರಡು: ಆನೆ ತಡೆಯಲು ರೈಲ್ವೆ ಕಂಬಿಯ ಬೇಲಿ, ಮತ್ತು ಜಮೀನು ಮಾರಲು ಒಪ್ಪುವ ಕಾಡಂಚಿನ ರೈತರಿಂದ ಖರೀದಿ. ಅಂದರೆ ಬಿಟ್ಟು ಹೋಗುವವರಿಗೆ ದುಡ್ಡುಂಟು, ಅಲ್ಲೇ ಇದ್ದು ಮರ ಉಳಿಸಿದವರಿಗಿಲ್ಲ.

ಸೋಮವಾರಪೇಟೆ ಕಡೆ ನಮ್ಮ ಚಿಕ್ಕಪ್ಪನದು ಸಣ್ಣ ಕಾಫಿ ತೋಟ. ನಂದಿ, ಹೊನ್ನೆ, ಬೀಟೆ ಮರಗಳು ನೆರಳು ಕೊಡುತ್ತವೆ, ಮಳೆನೀರು ಇಂಗಿಸುತ್ತವೆ. ಆ ನೀರು ಹಾರಂಗಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತೆ. ನಾವು ಅದನ್ನೇ ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ಕುಡೀತೀವಿ. ಚಿಕ್ಕಪ್ಪನಿಗೆ ಮಾತ್ರ ಲಾಭ ಕಾಣೋದು ಸಿಲ್ವರ್ ಓಕ್‌ನಲ್ಲಿ: ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಾರೋದೂ ಸುಲಭ. "ಕಾಡುಮರ ಇಟ್ಕೊಂಡಿದ್ದಕ್ಕೆ ನಿಮ್ಮ ಬೆಂಗಳೂರಿನೋರು ಏನ್ ಕೊಡ್ತೀರಪ್ಪ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ನ್ಯೂಯಾರ್ಕ್ ನಗರ ಈ ಪ್ರಶ್ನೆಗೆ 1990ರ ದಶಕದಲ್ಲೇ ಉತ್ತರ ಕೊಟ್ಟಿತು. ಶತಕೋಟಿಗಟ್ಟಲೆ ಡಾಲರ್‌ನ ಶುದ್ಧೀಕರಣ ಘಟಕ ಕಟ್ಟುವ ಬದಲು, ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ರೈತರಿಗೆ ದುಡ್ಡು ಕೊಟ್ಟಿತು. ದನಗಳು ಹಳ್ಳಕ್ಕಿಳಿಯದಂತೆ ಬೇಲಿ, ಗೊಬ್ಬರಕ್ಕೆ ಸರಿಯಾದ ಜಾಗ. ಬಲವಂತವಿಲ್ಲ, ಯೋಜನೆ ನಡೆಸುವುದರಲ್ಲಿ ರೈತರದೇ ಮುಂದಾಳತ್ವ. ಕೋಸ್ಟರಿಕಾ 1996ರ ಕಾಯ್ದೆಯಲ್ಲಿ ಇಂಧನ ತೆರಿಗೆಯ ಪಾಲನ್ನು ಕಾಡು ಉಳಿಸುವ ಜಮೀನುದಾರರಿಗೆ ಮೀಸಲಿಟ್ಟಿತು. ಅಲ್ಲೂ ದೊಡ್ಡ ಹಿಡುವಳಿದಾರರಿಗೇ ಹೆಚ್ಚು ಸಿಕ್ಕಿತು ಅನ್ನುವ ಟೀಕೆ ಬಂತು. ನಾವು ಕಲಿಯಬೇಕಾದ್ದು ಅದನ್ನೂ ಸೇರಿಸಿ.

"ಮರ ಉಳಿಸೋಕೂ ಕಾಸು ಕೊಡಬೇಕಾ?" ಅನ್ನೋರಿದ್ದಾರೆ. ಕರ್ತವ್ಯದ ಮಾತು ಚೆನ್ನಾಗೇ ಇದೆ. ಆದರೆ ಆ ಕರ್ತವ್ಯದ ಖರ್ಚೆಲ್ಲ ಒಬ್ಬರ ತಲೆಗೆ, ನೀರೆಲ್ಲ ಇನ್ನೊಬ್ಬರ ನಲ್ಲಿಗೆ ಅಂದ್ರೆ ಹೇಗೆ?

ಸೆಸ್ ಮತ್ತೆ ಚರ್ಚೆಗೆ ಬಂದರೆ ಎಷ್ಟು ರೂಪಾಯಿ ಅಂತ ಮಾತ್ರ ಕೇಳಬೇಡಿ. ಸಣ್ಣ ಬೆಳೆಗಾರರಿಗೆ ಮೊದಲ ಪಾಲು ಇದೆಯಾ, ಬರಹದಲ್ಲಿ ಒಪ್ಪಂದ ಇದೆಯಾ, ಮರ ನಿಂತಿರೋದನ್ನ ನೋಡಿ ವರ್ಷವರ್ಷ ದುಡ್ಡು ಕೊಡ್ತಾರಾ ಅಂತ ಕೇಳಿ. ಇಲ್ಲ ಅಂದ್ರೆ ಹೆಸರಲ್ಲಷ್ಟೇ ಹಸಿರು.